ಕಿಷ್ಟಮ್ಮನ ಸೊಪ್ಪಿನ ಇಲಾಜು

ಗಂಡನ ಕೈ ನಡುಗುತ್ತದೆ ಎಂದು ಕಿಷ್ಟಮ್ಮ ತಾನು ನೂರು ಸಲ ಅಂದಾಳು. ಅದನ್ನೇ ಬೀಗರು ಅಂದರೆ ಮಾತ್ರ ಅವಳಿಗೆ ನೆತ್ತಿಗೇರುತ್ತದೆ. ಆದದ್ದೂ ಹಾಗೆಯೇ. ಸೊಸೆ ಅನುರಾಧಾ ಧರೂರಿನ ತವರಿನಲ್ಲಿ ಹೆಣ್ಣು ಹಡೆದಿದ್ದಳು. ತಾಯಿ ಮಗುವನ್ನು ಮಕ್ತಲ್ ಸೀಮೆಯ ಗಂಡನ ಮನೆಗೆ ಕಳಿಸುವ ದಿನ ಗೊತ್ತು ಮಾಡಲು ಅವಳಪ್ಪ ಸಾಯಣ್ಣ ಬಂದಿದ್ದ. ಅಜ್ಜನಾದ ಹುರುಪಿನಲ್ಲಿ ಕಿಷ್ಟಮ್ಮನ ಗಂಡ ಯಂಕಣ್ಣ ತಾನೇ ಚಹಾ ತಂದ. ತಂದವನು ಕಪ್ಪನ್ನು ಬೀಗರ ಕೈಗೆ ಕೊಟ್ಟ, ಚಹಾವನ್ನು ಬೀಗರ ಧೋತರಕ್ಕೆ ಕೊಟ್ಟ.

"ಇರ್ಲಿ ಬಿಡ್ರಿ ಬೀಗ್ರ, ಧೋತರ ಒಗದ್ರ ಹೋಗ್ತೈತಿ" ಎಂದ ಸಾಯಣ್ಣ, ಒದ್ದೆ ಧೋತರ ಕೊಡವಿ ಕೈ ಮತ್ತೆ ಹೆಗಲ ಕಂಬಳಿಯೊಳಗೆ ಸೇರಿಸುತ್ತಾ. "ಆದ್ರ ಈ ಕೈಯಾಗ ಕೂಸು ಹೆಂಗ ಕೊಡೂದ್ರಿ? ಜಾರಿದ್ರ ಏನ್ ಗತಿ? ನಿಮ್ಮ ತಮ್ಮಗ ಹೇಳ್ರಿ, ಅಂವ ಎತ್ಕೊಳ್ಲಿ."

ಅಷ್ಟೇ. ಯಂಕಣ್ಣನ ಮುಖ ಸಣ್ಣದಾಯಿತು.

ಯಾಕೆಂದರೆ ಆ ಕುರುಬರ ಮನೆಯಲ್ಲಿ ಒಂದು ರಿವಾಜು ಇತ್ತು. ಮನೆಗೆ ಬರುವ ಹೊಸ ಕೂಸನ್ನು ಹೊಸ್ತಿಲಲ್ಲಿ ಅಜ್ಜನೇ ಕೈಚಾಚಿ ತೆಗೆದುಕೊಳ್ಳಬೇಕು, ಒಳಗೆ ಒಯ್ಯಬೇಕು, ಮನೆದೇವರು ಬೀರಪ್ಪನ ಜಗುಲಿಯ ಮುಂದೆ ತನ್ನ ಸ್ವಂತ ಕಂಬಳಿಯ ಮೇಲೆ ಮಲಗಿಸಿ ಹಣೆಗೆ ಅರಿಸಿನದ ಭಂಡಾರ ಹಚ್ಚಬೇಕು. ಯಂಕಣ್ಣನನ್ನು ಅವನಜ್ಜ ಹಾಗೆ ಮಲಗಿಸಿದ್ದ, ಮಗ ಬೀರೇಶನನ್ನು ಯಂಕಣ್ಣನ ಅಪ್ಪ ಮಲಗಿಸಿದ್ದ. ಈಗ ತನ್ನ ಸರದಿ ಬಂದಾಗ ತಮ್ಮನ ಕೈಗೆ ಕೊಡು ಎಂದರೆ ಗಂಡಸು ಹೇಗೆ ತಾಳಿಯಾನು? ಬೀಗರು ಬಸ್ಸು ಹತ್ತಿ ಹೋದ ಮೇಲೆ ಅವನು ಕಟ್ಟೆಯ ಮೇಲೆ ಕೂತು, ಎರಡೂ ಕೈ ಮುಂದೆ ಚಾಚಿ ನೋಡಿಕೊಂಡ.

"ನನ್ನ ಮೊಮ್ಮಗಳನ್ನ ನಾ ಎತ್ಕೊಳ್ಳಾಕ ಆಗಂಗಿಲ್ಲೇನ ಕಿಷ್ಟಿ?" ಎಂದು ಕೇಳಿದ. ಜಗಳಗಂಟ ಗಂಡ ಅಷ್ಟು ಮೆತ್ತಗೆ ಮಾತಾಡಿದ್ದನ್ನು ಕಿಷ್ಟಮ್ಮ ಹಿಂದೆಂದೂ ಕೇಳಿರಲಿಲ್ಲ. ಅವಳಿಗೆ ಅಳು ಬಂತು. ಅಳು ಬಂದದ್ದಕ್ಕೆ ಸಿಟ್ಟು ಬಂತು.

"ಯಾಕ ಆಗಂಗಿಲ್ಲ? ಕೂಸು ಬರೂದ್ರಾಗ ನಿನ್ನ ಕೈ ಕಂಬದಂಗ ನಿಲ್ಲಸ್ಲಿಲ್ಲ ಅಂದ್ರ ನನ್ನ ಹೆಸರು ಕಿಷ್ಟಮ್ಮ ಅಲ್ಲ!"

ಕೈ ಯಾಕೆ ನಡುಗುತ್ತದೆ ಎಂಬುದು ಊರಿಗೇ ಗೊತ್ತಿತ್ತು. ಹತ್ತಿಗೆ, ಮೆಣಸಿನಕಾಯಿಗೆ ಹುಳದ ಔಷಧ ಹೊಡೆಯುವುದರಲ್ಲಿ ಯಂಕಣ್ಣ ದೊಡ್ಡ ಹೆಸರುವಾಸಿ. ತನ್ನ ಹೊಲವಾದ ಮೇಲೆ ಅರ್ಧ ಊರಿನ ಹೊಲ ಅವನದೇ. ಬೆನ್ನಿಗೆ ಪಂಪು, ತಲೆಯಿಂದ ಬೆನ್ನಿನವರೆಗೆ ಕೊಪ್ಪೆ ಹಾಕಿದ ಕರಿ ಕಂಬಳಿ. ಕೃಷಿ ಇಲಾಖೆಯವರು ಕೊಟ್ಟ ಮೂಗುಪಟ್ಟಿ ಕೋಳಿಮರಿಗಳಿಗೆ ನುಚ್ಚು ಹಾಕುವ ಬಟ್ಟಲಾಗಿತ್ತು. ಕೇಳಿದರೆ, "ಈ ಕಂಬಳಿ ಮಳಿ ತಡೀತೈತಿ, ಛಳಿ ತಡೀತೈತಿ, ದೆವ್ವ ತಡೀತೈತಿ. ಔಷಧ ಯಾವ ಊರ ದಾಸಯ್ಯ?" ಎನ್ನುತ್ತಿದ್ದ. ಕಿಷ್ಟಮ್ಮನೂ ಹೌದೆಂದು ಗೋಣು ಹಾಕುತ್ತಿದ್ದಳು. ಬೀರಪ್ಪನ ಗುಡಿಯಲ್ಲಿ ಹೊದಿಸಿ ಕೊಟ್ಟ ಕಂಬಳಿ, ಹುಡುಗಾಟವೇ?

ಆರೋಗ್ಯ ಉಪಕೇಂದ್ರದ ನರ್ಸ್ ರೇಷ್ಮಾ ಯಂಕಣ್ಣನ ಕಣ್ಣು ನಾಲಿಗೆ ನೋಡಿ, ನಾರಾಯಣಪೇಟೆಯ ದವಾಖಾನೆಗೆ ಕಳಿಸಿದಳು. ಅಲ್ಲಿಯ ಡಾಕ್ಟರು ರಕ್ತ ತೆಗೆದರು, ಗುಳಿಗೆ ಕೊಟ್ಟರು, ಪಂಪು ಮುಟ್ಟಬೇಡ ಎಂದರು. ವಾಪಸು ಬಂದಾಗ ರೇಷ್ಮಾ ಕಿಷ್ಟಮ್ಮನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದಳು: "ನೋಡು ಅಕ್ಕ, ಔಷಧ ಚರ್ಮದಾಗಿಂದ್ಲೂ ಒಳಗ ಹೋಗ್ತೈತಿ. ಸಾಬೂನು ಹಚ್ಚಿ ಮೈ ತೊಳೀಬೇಕು. ಹೊಡ್ಯಾಕ ಹೋದಾಗ ಉಟ್ಟ ಬಟ್ಟಿ ಎಲ್ಲಾ ಬ್ಯಾರೆ ಒಗೀಬೇಕು. ಗುಳಿಗಿ ತಪ್ಪಿಸ್ಬಾರ್ದು. ಮತ್ತ ಸೊಪ್ಪು, ನೆಲ್ಲಿಕಾಯಿ, ಮಜ್ಜಿಗಿ ಚೊಲೋ ತಿನ್ನಿಸು, ಮೈಗೆ ತಾಕತ್ತು ಬರ್ತೈತಿ."

ಇಷ್ಟರಲ್ಲಿ ಕಿಷ್ಟಮ್ಮನ ಮನಸ್ಸಿಗೆ ನಾಟಿದ್ದು ಸೊಪ್ಪು. ಉಳಿದದ್ದನ್ನು ಮಾಡಲಿಲ್ಲವೆಂದಲ್ಲ, ಹಾಗೆಂದರೆ ಅವಳು ನನ್ನನ್ನು ಬಿಡುವುದಿಲ್ಲ. ಗಂಡನನ್ನು ಕೂರಿಸಿ ಎಮ್ಮೆ ತಿಕ್ಕಿದಂತೆ ತಿಕ್ಕಿದಳು. ಅಂಗಿ, ಧೋತರ, ಬನಿಯನ್, ರುಮಾಲು ಎಲ್ಲವನ್ನೂ ಬೇರೆ ಬುಟ್ಟಿಯಲ್ಲಿ ನೆನೆಹಾಕಿ ಬಂಡೆಗೆ ಬಡಿದಳು. ಗುಳಿಗೆಯನ್ನು ತಾನೇ ಬಾಯಿಗೆ ಹಾಕಿದಳು. ಆದರೆ ಅದೆಲ್ಲ ಯಾರಾದರೂ ಮಾಡುವ ಕೆಲಸ. ಒಳಗೆ ಸೇರಿದ ವಿಷವನ್ನು ಹೊರಗೆಳೆಯುವುದು ಅಡಿಗೆ ಬಲ್ಲವಳ ಕೈಯಲ್ಲೇ ಇದೆ ಎಂದು ಅವಳು ತನ್ನಷ್ಟಕ್ಕೆ ತಾನೇ ತೀರ್ಮಾನಿಸಿಬಿಟ್ಟಳು.

ಅಂದಿನಿಂದ ಯಂಕಣ್ಣನ ಪಾಡು ಯಾರಿಗೂ ಬೇಡ. ಬೆಳಗ್ಗೆ ಎದ್ದರೆ ನೆಲ್ಲಿಕಾಯಿ ರಸ. ರೊಟ್ಟಿಗೆ ಪುಂಡಿಪಲ್ಯ. ಅನ್ನಕ್ಕೆ ನುಗ್ಗೆಸೊಪ್ಪಿನ ಬೇಳೆ. ನಡುವೆ ಬಾಯಾಡಿಸಲು ಹಸಿ ಹಕ್ಕರಕಿ ಸೊಪ್ಪು, ಮೆಂತ್ಯೆ, ಗೋಳಿಸೊಪ್ಪು. ಸಂಜೆ ಕರಿಬೇವು ಬೆಳ್ಳುಳ್ಳಿ ಅರೆದ ಮಜ್ಜಿಗೆ. ಬಾಗಿಲ ಮುಂದೆ ಕಟ್ಟಿದ ಕುರಿಗಳು ಅವನ ತಟ್ಟೆಯನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದವು.

"ಏ ಕಿಷ್ಟಿ, ಬೀರಪ್ಪನ ಆಣಿ, ಒಂದ್ ಹೊತ್ತು ಬರೇ ಖಾರ ಎಣ್ಣಿ ಹಾಕಿ ರೊಟ್ಟಿ ಕೊಡ."

"ಮೊಮ್ಮಗಳು ಬೇಕೋ ಬ್ಯಾಡೋ?"

ಈ ಒಂದು ಪ್ರಶ್ನೆಗೆ ಯಂಕಣ್ಣನ ಬಾಯಿ ಮುಚ್ಚುತ್ತಿತ್ತು, ಮುಚ್ಚುವುದರೊಳಗೆ ಇನ್ನೊಂದು ತುತ್ತು ಒಳಗೆ ಹೋಗುತ್ತಿತ್ತು. ಒಮ್ಮೆ ಅವನು ಪಲ್ಯವನ್ನು ಕದ್ದು ಎಮ್ಮೆಗೆ ಹಾಕಲು ಹೋದ. ಎಮ್ಮೆ ಖುಷಿಯಿಂದ ಒದರಿ ಅವನನ್ನು ಹಿಡಿದುಕೊಟ್ಟಿತು.

ಕಿಷ್ಟಮ್ಮನ ಇಲಾಜಿನ ಸುದ್ದಿ ಊರೆಲ್ಲ ಹಬ್ಬಿತು. ಔಷಧ ಹೊಡೆಯುವ ಗಂಡಂದಿರಿದ್ದ ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಕೇಳಿದರು. ಪಕ್ಕದ ಮನೆಯ ಹಂಪಮ್ಮ ಅಂತೂ ನುಗ್ಗೆಗಿಡದ ರೆಂಬೆಯನ್ನೇ ಕಡಿದೊಯ್ದಳು. ಕಿಷ್ಟಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ನಮ್ಮ ಮಂಚದಾಗಿನ ತಗಣಿ ಸೈತ ಸತ್ತಾವ್ರೆವ್ವ" ಎಂದು ಅವಳು ಹೇಳಿಕೊಂಡಳು. "ಸೊಳ್ಳಿ ಅವನ ಹತ್ರ ಸುಳಿಯಂಗಿಲ್ಲ. ಸೊಪ್ಪು ರಕ್ತಕ್ಕ ಇಳದೈತಿ, ಅದಕ್ಕ!"

"ಕೈ ನಿಂತೈತೇನ?" ಎಂದು ಹಂಪಮ್ಮ ಕೇಳಿದಳು.

"ನಿಲ್ತೈತಿ, ನಿಲ್ತೈತಿ. ಏನ್ ಅವಸರ ನಿನಗ?"

ಕೈ ನಿಂತಿರಲಿಲ್ಲ. ಪಂಪು ಮುಟ್ಟದೆ ಎಷ್ಟೋ ದಿನವಾಗಿತ್ತು. ಗುಳಿಗೆ ಮುಗಿಯುತ್ತಾ ಬಂದಿತ್ತು, ಹಿತ್ತಲಿನ ಸೊಪ್ಪು ಮುಗಿದೇಹೋಗಿತ್ತು. ಆದರೂ ಬೆಳಗ್ಗೆ ಎದ್ದಾಗ ಯಂಕಣ್ಣನ ಕೈ ಗಾಳಿಗೆ ಸಿಕ್ಕ ಎಲೆ. ತಲೆ ಭಾರ, ಬಾಯಲ್ಲಿ ನೀರು. ಕಿಷ್ಟಮ್ಮನಿಗೆ ಒಳಗೊಳಗೇ ಹೆದರಿಕೆ ಹತ್ತಿತು. ಹೆದರಿಕೆ ಹತ್ತಿದಷ್ಟೂ ಪಲ್ಯದ ಪಾತ್ರೆ ದೊಡ್ಡದಾಯಿತು.

ಅಷ್ಟರಲ್ಲಿ ಮಾನೋಪಾಡಿನಿಂದ ಯಂಕಣ್ಣನ ತಂಗಿ ಎಲ್ಲಮ್ಮನ ಫೋನು ಬಂತು, ಮಗನಿಗೆ ಹೆಣ್ಣು ನೋಡಲು ಹೋಗಬೇಕು, ಅಣ್ಣ ಬರಲೇಬೇಕು ಎಂದು. ಜೈಲಿನಿಂದ ಬಿಟ್ಟವನ ಹಾಗೆ ಯಂಕಣ್ಣ ಚಪ್ಪಲಿ ಮೆಟ್ಟಿದ. ಹೆಗಲಿಗೆ ಕಂಬಳಿ ಹಾಕಿಕೊಳ್ಳಲು ಹೋದರೆ ಕಿಷ್ಟಮ್ಮ ಕಿತ್ತುಕೊಂಡಳು. ಕೂಸು ಮಲಗಿಸುವ ಕಂಬಳಿ, ಬಸ್ಸಿನಲ್ಲಿ ಯಾರ್‍ಯಾರದೋ ಕಾಲಿಗೆ ಸಿಕ್ಕುವುದು ಬೇಡ. ಲೋಬಾನದ ಹೊಗೆ ಹಾಕಿ ಬೀರಪ್ಪನ ಮುಂದೆ ಮಡಿಚಿಡುತ್ತೇನೆ ಎಂದಳು. ಅವನ ಕೈಗೆ ಒಂದು ಚೀಲ ಕೊಟ್ಟಳು, ತುಂಬ ಹಕ್ಕರಕಿ. ಗದ್ವಾಲದ ಬಸ್ ಸ್ಟ್ಯಾಂಡಿನಲ್ಲಿ ಯಂಕಣ್ಣ ಅದನ್ನು ಒಂದು ಹೋತಕ್ಕೆ ದಾನ ಮಾಡಿದ ಎಂಬುದು ಆಮೇಲೆ ಗೊತ್ತಾಯಿತು.

ವಾರ ಕಳೆದು ಬಂದವನು ನೆಟ್ಟಗೆ ಒಳಗೆ ಬಂದು, ಕಿಷ್ಟಮ್ಮ ಹೊಲಿಯುತ್ತಿದ್ದ ಕೌದಿಯ ಸೂಜಿ ಕಿತ್ತುಕೊಂಡು, ದಾರ ಪೋಣಿಸಿ ಅವಳ ಮೂಗಿನ ಮುಂದೆ ಹಿಡಿದ. ಕೈ ಅಲುಗಲಿಲ್ಲ!

"ಯವ್ವಾ ನನ್ನವ್ವ!" ಕಿಷ್ಟಮ್ಮ ಎದ್ದು ನಿಂತಳು. "ನೋಡಿದ್ಯಾ ನನ್ನ ಸೊಪ್ಪು? ಅಲ್ಲೂ ತಪ್ಪದ ತಿಂದಿ ಹೌದಿಲ್ಲೋ?"

"ಒಂದ್ ಎಲಿ ತಿನ್ಲಿಲ್ಲ" ಎಂದ ಯಂಕಣ್ಣ, ಎದೆ ಉಬ್ಬಿಸಿ. "ತಂಗಿ ಕುರಿ ಕೊಯ್ದಿದ್ಲು. ಮುಂಜಾನಿ ಬಾಡ, ಸಂಜೀಕ ಬಾಡ, ಮ್ಯಾಲೊಂದಿಷ್ಟು ಸೇಂದಿ. ಕೈ ನಿಂತ್ಬಿಡ್ತು."

ಗಂಡನ ಕೈ ನಿಂತ ಖುಷಿ ಒಂದು ಕಡೆ, ತನ್ನ ಪಲ್ಯದ ಮಾನ ಹೋದ ಸಂಕಟ ಇನ್ನೊಂದು ಕಡೆ. ಕಿಷ್ಟಮ್ಮ ಒಲೆಯ ಮುಂದೆ ಕೂತಳು. ಇಷ್ಟು ದಿನ ತಿಂದ ಸೊಪ್ಪು ಈಗ ಕೆಲಸ ಮಾಡಿದೆ ಎಂದು ಸ್ವಲ್ಪ ಹೊತ್ತಿನಲ್ಲೇ ಹಾದಿ ಕಂಡುಕೊಂಡಳು. ಅಂದಮೇಲೆ ಬಿಡುವುದುಂಟೆ? ಅವತ್ತೇ ಮತ್ತೆ ಪುಂಡಿಪಲ್ಯ. ಮಾಗಿಯ ಚಳಿ, ಯಂಕಣ್ಣ ಎಂದಿನಂತೆ ತನ್ನ ಕಂಬಳಿ ಎಳೆದುಕೊಂಡು ಮಲಗಿದ. ಎರಡು ಮೂರು ದಿನ ಕಳೆಯುವುದರೊಳಗೆ ಕೈ ಮತ್ತೆ ತಟತಟ ಕುಣಿಯತೊಡಗಿತು.

ಈಗ ಯಂಕಣ್ಣ ಕಟ್ಟೆ ಹತ್ತಿ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದ: "ಸೊಪ್ಪಿನಿಂದ! ನನ್ನ ಕೈ ನಡುಗೂದು ಈಕಿ ಸೊಪ್ಪಿನಿಂದ! ನಾ ಹೊಡೆದ ಔಷಧದಾಗ ವಿಷ ಇರ್ಲಿಲ್ರಪ್ಪೋ, ಈಕಿ ಗಡಿಗ್ಯಾಗ ಐತಿ!"

ಹಂಪಮ್ಮ ಗೋಡೆಯಾಚೆಯಿಂದ ಇಣುಕಿದಳು. ನುಗ್ಗೆರೆಂಬೆಯನ್ನು ಈಗ ವಾಪಸು ಕೊಡಬೇಕೋ ಹೇಗೆ ಎಂಬ ಯೋಚನೆ ಅವಳ ಮುಖದ ಮೇಲಿತ್ತು.

ಕಿಷ್ಟಮ್ಮನಿಗೆ ಅವಮಾನದಿಂದ ಕಣ್ಣು ಕತ್ತಲಿಟ್ಟಿತು. "ಹೌದಾ? ಹಂಗಾದ್ರ ನಾನೂ ತಿಂತೀನಿ. ನೀ ತಿಂದಷ್ಟು, ನೀ ತಿಂದದ್ದ ತಿಂತೀನಿ. ನನ್ನ ಕೈ ನಡುಗಿದ್ರ ಇನ್ನ ಒಲಿ ಮುಂದ ಕೂಡಂಗಿಲ್ಲ!" ಎಂದಳು. ತಿಂದಳು ಕೂಡ. ದಿನಗಟ್ಟಲೆ ಗಂಡನ ತಟ್ಟೆಯಿಂದಲೇ ಪಾಲು ಹಾಕಿಕೊಂಡು ತಿಂದಳು. ಬೆಳಿಗ್ಗೆ ಬಾಗಿಲಲ್ಲಿ ನಿಂತು, ಕೊಡದ ತುಂಬ ನೀರು ಎತ್ತಿ ಹಿಡಿದು, ಹನಿ ಚೆಲ್ಲದೆ ಹಂಪಮ್ಮನಿಗೆ ತೋರಿಸಿದಳು. ಸೊಪ್ಪು ಗೆದ್ದಿತು. ಆದರೆ ಗಂಡನ ಕೈ ಹಾಗೇ ಇತ್ತು, ಮತ್ತು ನಾಳೆ ಕೂಸು ಬರುವುದಿತ್ತು.

ಅಂದು ಯಂಕಣ್ಣ ಗೆದ್ದವಳಿಗೆ ಒಂದು ಒಳ್ಳೆ ಮಾತೂ ಆಡಲಿಲ್ಲ. ಆ ಸಿಟ್ಟಿಗೆ ಕಿಷ್ಟಮ್ಮ ಅವನು ಮಲಗುವ ಮೊದಲೇ ಅವನ ಕಂಬಳಿಯನ್ನು ಎಳೆದುಕೊಂಡು ತಾನು ಹೊದ್ದು ಮಲಗಿಬಿಟ್ಟಳು. "ಸೊಪ್ಪಿಗೆ ಅಂದಾವ್ಗ ಕಂಬಳಿ ಇಲ್ಲ" ಎಂದಳು. ಅವನು ಗೊಣಗುತ್ತಾ ಕೌದಿ ಹೊದ್ದುಕೊಂಡ.

ಬೆಳಗ್ಗೆ ಎದ್ದರೆ ಕಿಷ್ಟಮ್ಮನ ತಲೆ ಗಿರ್ ಎಂದಿತು. ಬಾಯಲ್ಲಿ ಸುಮ್ಮಸುಮ್ಮನೆ ನೀರು. ಬೀಗರು ಬರುತ್ತಾರೆಂದು ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂತಳು. ರೊಟ್ಟಿ ದುಂಡಗೆ ತಿರುಗಲಿಲ್ಲ. ಕೈ ನೋಡಿಕೊಂಡಳು. ಬೆರಳುಗಳು ತಮ್ಮಷ್ಟಕ್ಕೆ ತಾವೇ ಕುಣಿಯುತ್ತಿದ್ದವು, ಥೇಟ್ ಯಂಕಣ್ಣನ ಹಾಗೆ.

ಹಿಟ್ಟಿನ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ಅವಳು ಯೋಚಿಸಿದಳು. ನಿನ್ನೆಯವರೆಗೂ ಸೊಪ್ಪು ತಿಂದಿದ್ದೆ, ಏನೂ ಆಗಿರಲಿಲ್ಲ. ನಿನ್ನೆ ಹೊಸದಾಗಿ ಮಾಡಿದ್ದೇನು? ಕಂಬಳಿ ಹೊದ್ದದ್ದು. ಅವನು ಮಾನೋಪಾಡಿಗೆ ಹೋದಾಗ ಕೈ ನಿಂತಿತ್ತು. ಅಲ್ಲಿ ಇಲ್ಲದ್ದೇನು? ಸೊಪ್ಪು, ಮತ್ತೆ ಕಂಬಳಿ. ವರ್ಷಗಟ್ಟಲೆ ಔಷಧ ಕುಡಿದ ಉಣ್ಣೆ. ಬಟ್ಟೆ ಎಲ್ಲಾ ಒಗಿ ಎಂದಿದ್ದಳಲ್ಲ ರೇಷ್ಮಾ, ಎಲ್ಲವನ್ನೂ ಒಗೆದಿದ್ದಳಲ್ಲ ಕಿಷ್ಟಮ್ಮ, ಕಂಬಳಿ ಒಂದನ್ನು ಬಿಟ್ಟು! ಯಾವ ಕುರುಬರ ಮನೆಯಲ್ಲಿ ಕಂಬಳಿಯನ್ನು ಬಟ್ಟೆ ಅಂತಾರೆ? ಕಂಬಳಿಗೆ ಮೈಲಿಗೆ ಇಲ್ಲ, ಮೈಲಿಗೆ ಇಲ್ಲದ್ದನ್ನು ಒಗೆಯುವವರೂ ಇಲ್ಲ. ಮಂಚದ ತಿಗಣೆ ಸತ್ತದ್ದು ಯಾಕೆಂಬುದೂ ಈಗ ಹೊಳೆದು, ಅವಳಿಗೆ ನಾಚಿಕೆಯಿಂದ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ಬೀದಿಯಲ್ಲಿ ಆಟೋ ಸದ್ದು. ಬೀರೇಶ ಹೆಂಡತಿ ಮಗುವನ್ನು ಇಳಿಸುತ್ತಿದ್ದ, ಹಿಂದೆ ಸಾಯಣ್ಣ, ಅವತ್ತಿನಂತೆಯೇ ಎರಡೂ ಕೈ ಹೆಗಲ ಕಂಬಳಿಯ ಒಳಗೆ. ಇತ್ತ ಯಂಕಣ್ಣ ಆಗಲೇ ತನ್ನ ಕಂಬಳಿಯನ್ನು ಬೀರಪ್ಪನ ಜಗುಲಿಯ ಮುಂದೆ ಹಾಸಿ, ಸುಕ್ಕು ತೆಗೆದು, ಭಂಡಾರದ ಬಟ್ಟಲಿಟ್ಟು ಕಾಯುತ್ತಿದ್ದ.

ಬೀಗರ ಮುಂದೆ ಮನೆದೇವರ ಕಂಬಳಿಯನ್ನು ವಿಷ ಎನ್ನುವುದು ಹೇಗೆ? ಕಿಷ್ಟಮ್ಮ ಕೊಡ ಎತ್ತಿಕೊಂಡು ಬಂದು ಕಾಲು ಜಾರಿದ ಹಾಗೆ ಮಾಡಿ ಕಂಬಳಿಯ ಮೇಲೆ ದಬದಬ ನೀರು ಸುರಿದಳು.

"ಏ, ಕಣ್ಣಿಲ್ಲೇನ್ಲೇ!" ಎಂದು ಯಂಕಣ್ಣ ಕಂಬಳಿಯನ್ನು ಕೊಡವಿ, ಒಣ ಮಗ್ಗುಲು ಮೇಲೆ ಮಾಡಿ ಮತ್ತೆ ಹಾಸಿದ.

ಕಿಷ್ಟಮ್ಮ ಹೋಗಿ ಅದರ ಮೇಲೇ ಕೂತುಬಿಟ್ಟಳು.

"ಯವ್ವಾ, ಕೂಸು ಬಂತು, ಏಳ" ಎಂದ ಬೀರೇಶ.

"ಏಳಂಗಿಲ್ಲ."

"ಏನ್ರಿ ಬೀಗ್ತಿ, ಹಠ ಹಿಡದೀರಿ?" ಸಾಯಣ್ಣ ನಗಲು ನೋಡಿದ.

"ಇದರಾಗ ವಿಷ ಐತಿ!" ಎಂದುಬಿಟ್ಟಳು ಕಿಷ್ಟಮ್ಮ. ಅಂದ ಮೇಲೆ ಅಳು ಒತ್ತರಿಸಿ ಬಂತು. "ಹೊಡೆದ ಔಷಧೆಲ್ಲಾ ಇದರಾಗ ಕುಂತೈತಿ. ಇದನ್ನ ಹೊದ್ದು ಮಲಗಿ ಅಂವ ನಡುಗ್ತಾನ. ಇದರ ಮ್ಯಾಲ ಕೂಸು ಹಾಕ್ತೀರೇನು? ನನ್ನ ಮ್ಯಾಲ ಹಾದು ಹಾಕ್ರಿ!"

ಅನುರಾಧಾ ಮಗುವನ್ನು ಎದೆಗೆ ಒತ್ತಿಕೊಂಡು ಹೊಸ್ತಿಲಿಂದ ಹಿಂದೆ ಸರಿದಳು.

"ಬೀರಪ್ಪನ ಕಂಬಳಿಗೆ ವಿಷ ಅಂತೀ?" ಯಂಕಣ್ಣನ ದನಿ ಬಿದ್ದುಹೋಗಿತ್ತು.

"ಬೀರಪ್ಪ ಕೊಟ್ಟಾಗ ವಿಷ ಇರ್ಲಿಲ್ಲ. ಇದನ್ನ ಹೊದ್ದು ಔಷಧ ಹೊಡಿಯಂತ ಬೀರಪ್ಪ ಹೇಳಿದ್ನೇನು?"

ಬೀರೇಶ ಬಗ್ಗಿ, ನೀರು ಬಿದ್ದ ಕಂಬಳಿಯ ಅಂಚನ್ನು ಮೂಸಿದ. ತಟ್ಟನೆ ಮುಖ ತಿರುಗಿಸಿ ಕೆಮ್ಮಿದ. ನೆನೆದ ಉಣ್ಣೆಯಿಂದ ಪಂಪಿನ ವಾಸನೆ ಮನೆ ತುಂಬ ಏಳುತ್ತಿತ್ತು. ಆಗಲೇ ಎಲ್ಲರ ಕಣ್ಣಿಗೆ ಇನ್ನೊಂದು ಬಿತ್ತು. ಬೀಗ ಸಾಯಣ್ಣ ತನ್ನ ಹೆಗಲ ಕಂಬಳಿಯನ್ನು ಯಾರಿಗೂ ತಿಳಿಯದ ಹಾಗೆ ಜಾರಿಸಿ ಕಾಲಿನಿಂದ ಬಾಗಿಲಾಚೆ ನೂಕುತ್ತಿದ್ದ. ಕಂಬಳಿಯಿಂದ ಹೊರಬಂದ ಅವನ ಕೈಗಳು ಯಂಕಣ್ಣನ ಕೈಗಳಿಗಿಂತ ಜೋರಾಗಿ ನಡುಗುತ್ತಿದ್ದವು.

"ಅರೇ ಬೀಗ್ರ! ನೀವೂ ಏನು?" ಎಂದ ಯಂಕಣ್ಣ.

"ಕೆನಾಲ್ ನೀರು ಬಂದಾಗಿಂದ ವರ್ಷಕ್ಕ ಎರಡು ಬೆಳಿ ಭತ್ತ ರೀ. ಎರಡಕ್ಕೂ ಹೊಡೀಬೇಕಲ್ಲ" ಎಂದು ಸಾಯಣ್ಣ ನೆಲ ನೋಡಿದ. "ಅವತ್ತು ಆ ಚಹಾ ಕಪ್ಪು ನೀವ್ ಒಬ್ರ ಅಲ್ಲಾಡ್ಸಿದ್ದಲ್ಲ ಬಿಡ್ರಿ."

ಬೀರೇಶ ಎರಡೂ ಕಂಬಳಿಗಳನ್ನು ಕೋಲಿನ ತುದಿಯಲ್ಲಿ ಎತ್ತಿ ಹೊರಗೆ ಒಯ್ದ. ಬೀರಪ್ಪ ಕೇಳಿದರೆ ತಾನು ಉತ್ತರ ಕೊಡುತ್ತೇನೆ ಎಂದಳು ಕಿಷ್ಟಮ್ಮ. ಕೂಸನ್ನು ಮಲಗಿಸುವುದು ಎಲ್ಲಿ ಎಂದು ಮಾತು ಬಂದಾಗ, ಅಜ್ಜನ ತೊಡೆ ಇಲ್ಲವೇ, ಕೂತುಕೊಂಡವನ ತೊಡೆಯಿಂದ ಜಾರುವುದೆಲ್ಲಿಗೆ ಎಂದು ಸಾಯಣ್ಣನೇ ಅಂದ.

ಅನುರಾಧಾ ಮಗುವನ್ನು ಮುಂದೆ ಚಾಚಿದಳು. ಯಂಕಣ್ಣ ಎರಡು ಹೆಜ್ಜೆ ಇಟ್ಟವನು ನಿಂತುಬಿಟ್ಟ. ತನ್ನ ಅಂಗೈ ನೋಡಿಕೊಂಡ. ಔಷಧದ ಡಬ್ಬಿಯನ್ನು ಹಲ್ಲಿನಿಂದ ಕಚ್ಚಿ ತೆಗೆದವನು, ಬರಿಗೈಯಲ್ಲಿ ಕಲಸಿ ಅದೇ ಕೈಯನ್ನು ಧೋತರಕ್ಕೆ ಒರೆಸಿ ಬುತ್ತಿ ಉಂಡವನು, ಈಗ ಆ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಬಚ್ಚಲಿಗೆ ಓಡಿದ.

ಮೈಯೆಲ್ಲ ತೊಳೆದು ಬಂದ, ಹೊಸ ಧೋತರ ಉಟ್ಟ, ಮತ್ತೆ ಕೈ ತೊಳೆಯಲು ಹೋದ. ಹೋದವನು ಬರಲೇ ಇಲ್ಲ. ಕಿಷ್ಟಮ್ಮ ಹೋಗಿ ನೋಡಿದರೆ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಸಾಬೂನು ಉಜ್ಜುತ್ತಲೇ ಇದ್ದ. ಬೆರಳ ಸಂದಿಯ ಚರ್ಮ ಕೆಂಪಾಗಿತ್ತು.

"ಮೂಸಿ ನೋಡು" ಎಂದು ಕೈ ಚಾಚಿದ. "ಹೋತೇನ?"

"ಹೋಗೈತಿ."

"ಸರಿಯಾಗಿ ನೋಡ ಕಿಷ್ಟಿ. ಎಳೀ ಚರ್ಮ ಅದರದು."

"ನಿನ್ನ ಜೀವಕ್ಕ ಒಂದಿನಾನೂ ಹಿಂಗ ಹೆದರ್ಲಿಲ್ಲಲ್ಲೋ" ಎಂದಳು ಅವಳು.

"ನಂದೇನ್ ಬಿಡು."

"ನಂದೂ ಬಿಡ್ಲೇನು?" ಎಂದು ಕಿಷ್ಟಮ್ಮ ತನ್ನ ಕೈಯನ್ನು ಅವನ ಮುಂದೆ ಹಿಡಿದಳು. ಅದು ನಡುಗುತ್ತಿತ್ತು. ಯಂಕಣ್ಣ ಅದನ್ನು ನೋಡಿದ, ಹೆಂಡತಿಯ ಮುಖ ನೋಡಿದ. ನಿನ್ನೆ ಕಂಬಳಿ ಹೊದ್ದವಳು ಅವಳು ಎಂಬುದು ಆಗ ನೆನಪಾಯಿತು. ಅವಳ ಕೈ ಹಿಡಿದುಕೊಂಡು, ತೊಟ್ಟಿಯ ನೀರಿಗೆ ಹಾಕಿ, ಒಂದೊಂದೇ ಬೆರಳಿಗೆ ತಾನೇ ಸಾಬೂನು ಹಚ್ಚಿದ. ಅವನ ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಕಣ್ಣೀರೋ ಬಚ್ಚಲ ನೀರೋ ಕಿಷ್ಟಮ್ಮ ಕೇಳಲಿಲ್ಲ.

"ಇನ್ನ ಆ ಪಂಪು ಮುಟ್ಟಂಗಿಲ್ಲ" ಎಂದ. "ನಿನ್ನ ಕೈ ಮ್ಯಾಲ ಆಣಿ."

ಒಳಗೆ ಬಂದು ಇಬ್ಬರೂ ಜಗುಲಿಯ ಮುಂದೆ ಒತ್ತಾಗಿ ಕೂತರು. ಆಟೋ ಹತ್ತಿದಾಗಿನಿಂದ ಕೂಸು ಚೀರಾಡುತ್ತಲೇ ಬಂದಿತ್ತು, ಈಗಲೂ ಮುಷ್ಟಿ ಬಿಗಿದು ಅಳುತ್ತಿತ್ತು. ಅನುರಾಧಾ ಅದನ್ನು ಮಾವನ ತೊಡೆಯ ಮೇಲಿಟ್ಟಳು. ಯಂಕಣ್ಣ ಎರಡೂ ಕೈಯನ್ನು ಅದರ ಕೆಳಗೆ ಹಾಕಿ ಹಿಡಿದ. ಕೈ ನಡುಗಿತು. ಆ ನಡುಕಕ್ಕೆ ಕೂಸು ಮೆಲ್ಲಗೆ ತೂಗಿ, ಅಳು ನಿಲ್ಲಿಸಿ, ಒಮ್ಮೆ ಆಕಳಿಸಿ, ಕಣ್ಣು ಮುಚ್ಚಿತು. ಕಿಷ್ಟಮ್ಮ ಅವನ ಒಂದು ಕೈ ಬಿಡಿಸಿ ಹಿಡಿದು ಅದರ ಹಣೆಗೆ ಭಂಡಾರ ಹಚ್ಚಿಸಿದಳು.

"ಮಾವ, ನಿಲ್ಲಸ್ಬ್ಯಾಡ್ರಿ, ಹಂಗ ತೂಗ್ರಿ" ಎಂದು ಅನುರಾಧಾ ಪಿಸುಗುಟ್ಟಿದಳು.

"ನಿಲ್ಲಸಾಕ ಬಂದಿದ್ರ" ಎಂದ ಯಂಕಣ್ಣ, ಕೂಸಿನ ಮೇಲಿಂದ ಕಣ್ಣು ತೆಗೆಯದೆ, "ಅಷ್ಟು ಸೊಪ್ಪು ಯಾಕ ತಿಂತಿದ್ದೆ ತಾಯಿ?"